ಟೆಕ್ಸಾಸಿಗೆ ಹೋದ ಸಿಕಂದರನ ಪೈಜಾಮ

ಡಲ್ಲಾಸ್ ವಿಮಾನ ನಿಲ್ದಾಣ

ನನ್ನ ಟ್ರಂಕು ಬಿಚ್ಚಿಸಿದ ಅಧಿಕಾರಿ ಮೊದಲು ಹೊರಗೆ ತೆಗೆದದ್ದು ಗಡ್ಡ.

ಕರಿ ಗಡ್ಡ, ಎರಡು ಕಿವಿಗೂ ಸಿಕ್ಕಿಸಲು ತಂತಿ ಇರುವಂಥದು. ಸತ್ತ ಪ್ರಾಣಿ ಎಂದುಕೊಂಡನೋ ಏನೋ, ಎರಡೇ ಬೆರಳಿನಲ್ಲಿ ದೂರ ಹಿಡಿದು ನೋಡಿದ. ಆಮೇಲೆ ಹಸಿರು ಶೇರವಾನಿ, ಜರಿ ರುಮಾಲು, ಬಿಳಿ ಪೈಜಾಮ, ಕೊನೆಗೆ ಕಟ್ಟಿಗೆಯ ಕತ್ತಿ ಹೊರಬಂದವು. ಏನು ಇದೆಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದ. ಅಷ್ಟು ನನಗೆ ತಿಳಿಯುತ್ತದೆ.

"ಸಿಕಂದರ್" ಎಂದೆ. ತಲೆ ಅಲ್ಲಾಡಿಸಿದ. "ಅಲೆಗ್ಸಾಂಡರ್" ಎಂದೆ. ಅವನ ಹುಬ್ಬು ಮೇಲೆ ಹೋಯಿತು. "ದಿ ಗ್ರೇಟ್?" ಎಂದ. ಹೌದು, ಅವನೇ ಎಂದು ಎದೆ ತಟ್ಟಿಕೊಂಡೆ.

ಅವನು ಪಕ್ಕದವನನ್ನು ಕರೆದ. ಪಕ್ಕದವನು ಗಡ್ಡವನ್ನು ತನ್ನ ಗದ್ದಕ್ಕೆ ಹಿಡಿದು ನೋಡಿಕೊಂಡ. ಇಬ್ಬರೂ ನಕ್ಕು ಎಲ್ಲವನ್ನೂ ಮಡಚಿ ಒಳಗಿಟ್ಟರು. ನನ್ನ ಅಗಸಿ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿಯನ್ನು ಮಾತ್ರ ಮೂರು ಸಲ ಮೂಸಿದರು. ಜಗತ್ತು ಗೆಲ್ಲಲು ಹೊರಟವನ ಕತ್ತಿಯನ್ನು ಬಿಟ್ಟು ಹಿಂಡಿಗೆ ಅಂಜುವ ದೇಶ ಇದು ಎಂದು ಅಲ್ಲೇ ಗೊತ್ತಾಯಿತು.

ನಾನು ಮಲ್ಲವ್ವ, ರೋಣ ತಾಲೂಕಿನವಳು. ಓದಿದ್ದು ಮೂರನೇ ಇಯತ್ತೆ. ಹೆಣ್ಣುಮಕ್ಕಳೇ ಗಂಡಿನ ಪಾತ್ರವನ್ನೂ ಮಾಡುವ ನಾಟಕ ಕಂಪನಿಯಲ್ಲಿ ಹರೆಯವನ್ನೆಲ್ಲ ಕಳೆದವಳು. ಎತ್ತರ ಇದ್ದೆ, ಗಂಟಲು ದೊಡ್ಡದಿತ್ತು. ಹಾಗಾಗಿ ನನಗೆ ಸೀತೆ, ಸಾವಿತ್ರಿ ಸಿಗಲಿಲ್ಲ, ಸಿಕಂದರ ಸಿಕ್ಕ. ಮಾತುಗಳನ್ನೆಲ್ಲ ಕಿವಿಯಿಂದ ಕೇಳಿ ಕಲಿತೆ. ಕಂಪನಿ ಮುಚ್ಚಿದ ಮೇಲೆ ಅವನ ರುಮಾಲು ನನ್ನ ಟ್ರಂಕಿನಲ್ಲೇ ಉಳಿಯಿತು.

ಗದಗಿನಲ್ಲಿ ಯಾವುದೋ ಸನ್ಮಾನದ ದಿನ, ಸೀರೆ ಉಟ್ಟುಕೊಂಡೇ, ಸಿಕಂದರನ ನಾಲ್ಕು ಮಾತು ಹೇಳಿದ್ದೆ. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದರು. ಅದು ಡಲ್ಲಾಸ್ ಪಕ್ಕದ ಕಾಪೆಲ್‌ನಲ್ಲಿರುವ ಹಲ್ಲಿನ ಡಾಕ್ಟರು ವಿದ್ಯಾಳ ಕೈಗೆ ಹೋಯಿತು. ವಿದ್ಯಾ ಧಾರವಾಡದ ಮಗಳು, ಅಲ್ಲಿನ ಕನ್ನಡ ಸಂಘಕ್ಕೆ ಕಾರ್ಯದರ್ಶಿ. ಅವರ ಸಂಘ ಸಿಕಂದರ ಮತ್ತು ಪುರು ರಾಜನ ನಾಟಕವನ್ನು ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರಿನಲ್ಲಿ ಆಡಲು ಹೊರಟಿತ್ತು. "ಸಿಕಂದರ ನೀವ ಆಗಬೇಕರಿ ಅಜ್ಜಿ" ಎಂದು ಫೋನು ಮಾಡಿದಳು. ಅಮೇರಿಕ ನೋಡುವ ಆಸೆ ನನಗೆ ಇರಲಿಲ್ಲ. ಆ ರುಮಾಲನ್ನು ಇನ್ನೂ ಮೂರು ಸಲ ತಲೆಗೆ ಕಟ್ಟುವ ಆಸೆ ಇತ್ತು. ಅದಕ್ಕೇ ಹೋದೆ.

ಕಾಪೆಲ್

ಈ ಊರಿನ ಮನೆಗಳೆಲ್ಲ ಒಂದೇ ಭಟ್ಟಿಯಿಂದ ತೆಗೆದ ಇಟ್ಟಿಗೆಯ ಹಾಗಿವೆ. ಬೀದಿ ಕಸ ಹೊಡೆದ ಅಂಗಳದಷ್ಟು ಸ್ವಚ್ಛ. ಆದರೆ ಮನುಷ್ಯರಿಲ್ಲ. ಒಬ್ಬನನ್ನು ಕಂಡೆ, ಅವನನ್ನು ಅವನ ನಾಯಿ ಎಳೆದುಕೊಂಡು ಹೋಗುತ್ತಿತ್ತು. ಅವನು ನನ್ನನ್ನು ನೋಡಿ, ಹೇಗಿದ್ದೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದ. ಇಷ್ಟು ದೂರ ಬಂದು ಒಬ್ಬನಾದರೂ ಕೇಳಿದನಲ್ಲ ಎಂದು ನಿಂತು, ಸೊಂಟ ನೋವು, ರಾತ್ರಿ ನಿದ್ದೆ ಬಾರದ್ದು ಎಲ್ಲ ಹೇಳತೊಡಗಿದೆ. ಹೊಟ್ಟೆಯ ಗ್ಯಾಸಿಗೆ ಬರುವಷ್ಟರಲ್ಲಿ ಅವನು ತಿರುವು ದಾಟಿದ್ದ. ಇಲ್ಲಿ ಹೇಗಿದ್ದೀರಿ ಎಂದು ಕೇಳುವುದು ನಮ್ಮಲ್ಲಿ ಕೆಮ್ಮಿದ ಹಾಗೆ, ಉತ್ತರ ಬೇಕಿಲ್ಲ.

ತಾಲೀಮು ನಡೆಯುತ್ತಿದ್ದದ್ದು ವಿದ್ಯಾಳ ಕಾರುಮನೆಯಲ್ಲಿ. ಕಾರುಗಳು ಬಿಸಿಲಿನಲ್ಲಿದ್ದವು, ಒಳಗೆ ಬೇಡವಾದ ಸಾಮಾನಿತ್ತು. ನಿರ್ದೇಶಕ ಶ್ರೀವತ್ಸ, ಮೈಸೂರಿನ ಹುಡುಗ, ಹುಡುಗ ಎಂದರೆ ಐವತ್ತಾಗಿದೆ. ಕಂಪ್ಯೂಟರ್ ಕೆಲಸ. ಪುರು ರಾಜನ ಪಾತ್ರಕ್ಕೆ ಆಸ್ಟಿನ್‌ನಲ್ಲಿ ಓದುವ ಹುಬ್ಬಳ್ಳಿಯ ಇಮ್ತಿಯಾಜ್ ಬಂದಿದ್ದ. ಎಲ್ಲರ ಮುಂದೆ ನಾನು ಟ್ರಂಕು ಬಿಚ್ಚಿ ಶೇರವಾನಿ ಕೊಡವಿದೆ. ನುಸಿಗುಳಿಗೆಯ ವಾಸನೆ ಹಬ್ಬಿತು. ಶ್ರೀವತ್ಸ ಕೈಯಲ್ಲಿದ್ದ ಕಾಫಿ ಕೆಳಗಿಟ್ಟ.

"ಅಜ್ಜಿ, ಇದೇನಿದು?"

"ಸಿಕಂದರನ ಡ್ರೆಸ್ಸು."

"ಇದು ಯಾವನೋ ಸುಲ್ತಾನಂದು. ಅಲೆಕ್ಸಾಂಡರ್ ಗ್ರೀಕ್ ಕಣಜ್ಜಿ. ಏಸುಕ್ರಿಸ್ತನಿಗಿಂತ ಮುಂಚೆ ಇದ್ದೋನು. ಆಗ ಸುಲ್ತಾನರೇ ಇರಲಿಲ್ಲ."

"ನಾಟಕದಾಗ ಏನಂತ ಐತಿ? ಯವನ ಚಕ್ರವರ್ತಿ ಸಿಕಂದರ ಅಂತ ಐತಿ. ಯವನ ಅಂದ್ರ ಯಾರು?"

"ಗ್ರೀಕರು!"

"ನಮ್ಮ ಕಡೆ ಪುರಾಣ ಹೇಳಾವ್ರು ಯವನ ಅಂದ್ರ ಸಾಬರು ಅಂತಾರ. ಮ್ಯಾಲೆ ಹೆಸರು ಸಿಕಂದರ. ನಮ್ಮೂರಾಗ ಸೈಕಲ್ಲಿಗೆ ಪಂಚರ್ ಹಚ್ಚಾಂವ ಸಿಕಂದರ. ಅವನೂ ಗ್ರೀಕನೇನು?"

ಇಮ್ತಿಯಾಜ್ ಗೋಡೆ ಹಿಡಿದುಕೊಂಡು ನಕ್ಕ. "ಆಯಿ, ನಮ್ಮ ದೊಡ್ಡಪ್ಪನ ಹೆಸರೂ ಸಿಕಂದರ ಅಂತರಿ. ಜಗತ್ತು ಗೆಲ್ಲೂದು ಒತ್ತಟ್ಟಿಗಿರಲಿ, ನಮ್ಮ ದೊಡ್ಡವ್ವನ್ನ ಗೆಲ್ಲಾಕ ಇನ್ನೂ ಆಗಿಲ್ಲ."

ಇದರ ಹಿಂದಿನ ಸಂಗತಿ ಇಷ್ಟು. ನಾಟಕ ಬರೆದ ಮಾಸ್ತರರು ಯವನ ಎಂದು ಬರೆದು ಕೊಟ್ಟು ಹೋದರು. ನಮ್ಮ ಕಂಪನಿಯ ಮಾಲಕಿ ಅದನ್ನು ಸಾಬರು ಎಂದು ತಿಳಿದಳು. ಬೇರೆ ನಾಟಕದ ಸುಲ್ತಾನನ ಡ್ರೆಸ್ಸು ಸಂದೂಕದಲ್ಲಿತ್ತು, ಹೊಸದು ಹೊಲಿಸುವ ಖರ್ಚು ಉಳಿಯಿತು. ಬರೀ ಕನ್ನಡ ಆಡಿದರೆ ಪರದೇಶಿ ಅನ್ನಿಸುವುದಿಲ್ಲ ಎಂದು ನಡುನಡುವೆ ಉರ್ದು ಸೇರಿಸಿದಳು. ಎಷ್ಟೋ ಊರು ತಿರುಗಿದೆವು, ಇವನು ಸಿಕಂದರ ಅಲ್ಲ ಎಂದು ಒಬ್ಬರೂ ಅನ್ನಲಿಲ್ಲ. ಲಕ್ಷ್ಮೇಶ್ವರದಲ್ಲಿ ಮುಲ್ಲಾ ಒಬ್ಬರು ಮುಂದಿನ ಸಾಲಿನಲ್ಲಿ ಕೂತು ನೋಡಿ, ಸಲಾಮು ಮಾಡುವ ಕೈ ಸ್ವಲ್ಪ ಕೆಳಗೆ ಬರಬೇಕು ಎಂದು ತಿದ್ದಿ ಹೋದರು. ಅಷ್ಟೇ.

ಶ್ರೀವತ್ಸ ಒಂದು ರಟ್ಟಿನ ಪೆಟ್ಟಿಗೆ ತಂದ. ಅದರಲ್ಲಿ ಕಂದು ಬಣ್ಣದ ಪ್ಲಾಸ್ಟಿಕ್ ಎದೆಗವಚ, ಕೆಂಪು ಬ್ರಷ್ಷು ಕೂರಿಸಿದ ಶಿರಸ್ತ್ರಾಣ, ನೆರಿಗೆ ನೆರಿಗೆಯ ತುಂಡು ಲಂಗ ಇದ್ದವು. ಲಂಗವನ್ನು ನನ್ನ ಸೊಂಟಕ್ಕೆ ಹಿಡಿದು ನೋಡಿದೆ. ಮೊಣಕಾಲು ಮುಟ್ಟಲಿಲ್ಲ.

"ಇದರ ಕೆಳಗ ಏನು ಹಾಕೋದು?"

"ಏನಿಲ್ಲ ಅಜ್ಜಿ. ಸ್ಯಾಂಡಲ್ಸ್. ಅಥೆಂಟಿಕ್ ಆಗಿರಬೇಕು."

"ಲಂಗ ಉಟ್ಟು ಬಂದಾಂವಗ ಪುರು ಅಂಜತಾನೇನೋ? ನಮ್ಮ ಹೊಲದಾಗಿನ ಬೆದರುಗೊಂಬಿಗೂ ಕಾಲು ಮುಚ್ಚಿರ್ತೀವಿ."

"ಅಜ್ಜಿ, ಇಡೀ ಜಗತ್ತು ಹಿಂಗೇ ತೋರಿಸತ್ತೆ ಅಲೆಕ್ಸಾಂಡರನ್ನ."

"ಇಡೀ ಜಗತ್ತು ಗೆದ್ದು ಒಂದು ಪೈಜಾಮ ಗಳಿಸಲಿಲ್ಲಂದ್ರ ಎಂಥಾ ಸಿಕಂದರ ಅಂವ?"

ಮಾತು ಬೆಳೆಯಿತು. ಇದು ಹಾಕಿಕೊಂಡರೆ ಪಾತ್ರ, ಇಲ್ಲವಾದರೆ ಇಲ್ಲ ಎಂದ ಅವನು. ಕೊನೆಗೆ ವಿದ್ಯಾ ನಡುವೆ ಬಂದು, "ಇಬ್ರದೂ ಬ್ಯಾಡ್ರಿ, ಕೆಳಗ ಪೈಜಾಮ ಮ್ಯಾಲ ಲಂಗ" ಎಂದು ತೀರ್ಮಾನ ಮಾಡಿದಳು. ಹಲ್ಲು ಕೀಳುವವರ ತೀರ್ಮಾನ ಹಾಗೇ ಇರುತ್ತದೆ. ನೋವು ಇಬ್ಬರಿಗೂ ಉಳಿಯಿತು.

ಡಲ್ಲಾಸ್

ನಾಟಕ ಒಂದು ಶಾಲೆಯ ಸಭಾಂಗಣದಲ್ಲಿ. ನಮ್ಮ ಕಡೆ ಕಾಲೇಜಿಗೂ ಅಂಥದ್ದಿಲ್ಲ. ಒಳಗೆ ಎಷ್ಟು ತಂಪು ಮಾಡಿರುತ್ತಾರೆಂದರೆ ಹೊರಗೆ ಬಿಸಿಲಿಗೆ ಬೆಂದವರು ಒಳಗೆ ಸ್ವೆಟರು ಹಾಕಿಕೊಂಡು ಕೂರುತ್ತಾರೆ. ತಂಪಿಗೊಂದು, ಸ್ವೆಟರಿಗೊಂದು ಎಂದು ಎರಡು ಕಡೆ ದುಡ್ಡು ಕಟ್ಟುತ್ತಾರೆ.

ಶಿರಸ್ತ್ರಾಣ ನನ್ನ ತಲೆಗೆ ದೊಡ್ಡದು. ಹೆಜ್ಜೆ ಇಟ್ಟಾಗಲೆಲ್ಲ ಕಣ್ಣಿನ ಮೇಲೆ ಜಾರುತ್ತಿತ್ತು. ಮೊದಲ ಪ್ರವೇಶದಲ್ಲಿ ಪುರುವಿನ ಕಡೆ ಹೋಗಬೇಕಾದವಳು ರಟ್ಟಿನ ಆನೆಯ ಕಡೆ ಹೋಗಿ ಅದಕ್ಕೆ ಸವಾಲು ಹಾಕಿದೆ. ಇಮ್ತಿಯಾಜ್ ಜಾಣ. ಆನೆಯ ಹಿಂದೆ ಓಡಿಬಂದು ಅಲ್ಲಿಂದಲೇ ಉತ್ತರ ಕೊಟ್ಟ. ಅಲ್ಲಿಯತನಕ ಮರ್ಯಾದೆ ಉಳಿದಿತ್ತು.

ಎರಡನೇ ಅಂಕದಲ್ಲಿ ಸಿಕಂದರನ ದೊಡ್ಡ ಮಾತು ಬರುತ್ತದೆ. ಮೈಕು ಇಲ್ಲದ ಕಾಲದಲ್ಲಿ ಕಲಿತವಳು ನಾನು, ಮಾತಿಗೆ ಮುಂಚೆ ಎದೆ ತುಂಬ ಉಸಿರು ತೆಗೆದುಕೊಳ್ಳುತ್ತೇನೆ. ತೆಗೆದುಕೊಂಡೆ. ಬೆನ್ನ ಹಿಂದಿನ ಅಂಟುಪಟ್ಟಿ ಚರ್ರೆಂದು ಬಿಚ್ಚಿತು. ಎದೆಗವಚ ಮುಂದೆ ಬಾಗಿ, ಊಟದ ತಟ್ಟೆಯ ಹಾಗೆ ಹೊಟ್ಟೆಯ ಮೇಲೆ ಅಡ್ಡ ನಿಂತಿತು. ಒಳಗೆ ನನ್ನ ಕುಪ್ಪಸ, ಕೆಳಗೆ ಲಂಗ, ಅದರ ಕೆಳಗೆ ಪೈಜಾಮ. ಮಂದಿ ನಕ್ಕರು. ಅವರದು ತಪ್ಪಲ್ಲ. ನಾನು ಆ ಕಡೆ ಕೂತಿದ್ದರೆ ನಾನೂ ನಗುತ್ತಿದ್ದೆ. ಆದರೆ ಅದು ಸಿಕಂದರ ತನ್ನ ಸತ್ತ ಕುದುರೆಗಾಗಿ ಅಳುವ ಮಾತಾಗಿತ್ತು.

ನಾಟಕ ಮುಗಿದ ಮೇಲೆ ಶ್ರೀವತ್ಸ ನನಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಗಾಜಿನ ಫಲಕ ಕೊಟ್ಟ. ಅಕ್ಷರ ಕೂಡಿಸಿ ಓದಿದೆ. ಮಲ್ಲಮ್ಮ ಎಂದು ಬರೆದಿತ್ತು. ಆಮೇಲೆ ಮೈಕಿನಲ್ಲಿ, "ಹ್ಯೂಸ್ಟನ್, ಆಸ್ಟಿನ್ ಎರಡೂ ಕಡೆ ಅಜ್ಜಿ ಮುಂದಿನ ಸಾಲಲ್ಲಿ ಕೂತು ನಮಗೆ ಆಶೀರ್ವಾದ ಮಾಡ್ತಾರೆ" ಎಂದ. ಚಪ್ಪಾಳೆ.

ನಾಟಕದವರಿಗೆ ಇದು ಗೊತ್ತಿರುವ ಭಾಷೆ. ಶಾಲು ಬಂತೆಂದರೆ ಪಾತ್ರ ಹೋಯಿತೆಂದೇ ಅರ್ಥ.

"ಸಿಕಂದರನ್ನ ಯಾರು ಮಾಡ್ತಾರ?" ಎಂದು ಕೇಳಿದೆ.

"ನಾನೇ ಮಾಡ್ತೀನಿ ಅಜ್ಜಿ. ಡೈಲಾಗ್ ಎಲ್ಲ ಬೈಹಾರ್ಟ್ ಆಗಿದೆ. ನೀವು ರೆಸ್ಟ್ ತಗೊಳ್ಳಿ."

"ರೆಸ್ಟು ನಮ್ಮೂರಾಗೂ ಸಿಗತಿತ್ತು. ಅದಕ್ಕ ವೀಸಾ ಬೇಕಿರಲಿಲ್ಲ" ಎಂದೆ. ಅವನು ನಕ್ಕ. ನಾನು ತಮಾಷೆ ಮಾಡಿರಲಿಲ್ಲ.

ದಾರಿ

ಹ್ಯೂಸ್ಟನ್ನಿಗೆ ವಿದ್ಯಾ ಕಾರು ನಡೆಸಿದಳು. ಇಮ್ತಿಯಾಜ್ ಮುಂದೆ, ನಾನು ಟ್ರಂಕಿನ ಪಕ್ಕ ಹಿಂದೆ. ರಸ್ತೆ ನೇರ ಎಂದರೆ ನೇರ. ನಮ್ಮ ರಸ್ತೆಗಳು ಗುಡಿ, ಮರ, ಗೌಡರ ಹೊಲ ಎಲ್ಲಕ್ಕೂ ಬಾಗಿ ನಮಸ್ಕಾರ ಮಾಡಿ ಹೋಗುತ್ತವೆ. ಈ ರಸ್ತೆ ಯಾರಿಗೂ ಬಾಗುವುದಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಇಮ್ತಿಯಾಜ್, "ಆಯಿ, ಈ ಬೋರ್ಡು ನೋಡ್ರಿ. ಎಡಕ್ಕ ಹೊಳ್ಳಿದ್ರ ಅಥೆನ್ಸು" ಎಂದ.

"ಅಂದ್ರ?"

"ಗ್ರೀಕರ ದೊಡ್ಡ ಊರರಿ. ಆದರ ಇದು ಅದಲ್ಲ, ಇಲ್ಲಿಯವರು ಆ ಹೆಸರು ಇಟ್ಕೊಂಡಾರ. ಆಸ್ಟಿನ್ ದಾರ್‍ಯಾಗ ಟ್ರಾಯ್ ಅಂತ ಐತಿ. ಡಲ್ಲಾಸಿನ ಮಗ್ಗಲಕ ಕೊರಿಂತ್. ಎಲ್ಲಾ ಗ್ರೀಕರ ಕಥ್ಯಾಗಿನ ಊರು."

"ಸಿಕಂದರ ಇಲ್ಲೀತನಕ ಬಂದಿದ್ನೇನು?"

"ಇಲ್ರಿ, ಅಂವ ಪಂಜಾಬಿನಿಂದ ವಾಪಸ್ ಹೋದ."

ಇದು ನನಗೆ ಬಿಡಿಸಲಾಗದ ಒಗಟು. ಅವನು ಬಂದ ಕಡೆ ಅವನ ಊರಿನ ಹೆಸರಿಲ್ಲ. ಬಾರದ ಕಡೆ ಗಳಿಗೆಗೊಂದು. ಬಂದು ಗೆದ್ದವನಿಗಿಂತ ಬಾರದೆ ಗೆದ್ದವನೇ ದೊಡ್ಡವನು ಎಂದೆ. ವಿದ್ಯಾ, ಅದನ್ನು ಬರೆದು ಇಡಿ ಅಜ್ಜಿ ಎಂದಳು. ಇಟ್ಟಿದ್ದೇನೆ.

ಫುಲ್‌ಶೀರ್

ಹ್ಯೂಸ್ಟನ್ನಿನ ಹೊರಗೆ, ಫುಲ್‌ಶೀರ್ ಎಂಬ ಹೊಸ ಊರಿನಲ್ಲಿ ವಿದ್ಯಾಳ ತಂಗಿಯ ಮನೆ. ತಂಗಿ, ಅವಳ ಗಂಡ ಇಬ್ಬರೂ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾರೆ. ನಮಗೆ ಬೀಗದ ಸಂಖ್ಯೆ ಕೊಟ್ಟು ಹೋಗಿದ್ದರು. ನಾನು ಶೇರವಾನಿ, ಪೈಜಾಮ, ರುಮಾಲು ಬಿಸಿಲು ಕಾಯಲಿ ಎಂದು ಹಿತ್ತಲಿನ ಬೇಲಿಯ ಮೇಲೆ ಹರವಿದೆ. ವಿದ್ಯಾ ಓಡಿ ಬಂದಳು.

"ಅಜ್ಜಿ, ಇಲ್ಲಿ ಹೊರಗ ಬಟ್ಟಿ ಒಣಗಸಬಾರದರಿ. ಕಾಲನಿಯವರು ಕಾಗದ ಕಳಸ್ತಾರ."

"ಯಾಕ, ಬಿಸಿಲು ಅವರದೇನು?"

ನಾವು ಹೀಗೆ ಜಗಳವಾಡುತ್ತಿರುವಾಗ ಬೇಲಿಯ ಆಚೆ ಒಂದು ಬೋಳುತಲೆ ಮೂಡಿತು. ದೂರು ಹೇಳಲು ಬಂದ ಎಂದುಕೊಂಡೆವು. ಅವನು ರುಮಾಲಿನ ಜರಿಯನ್ನು ನೋಡುತ್ತಿದ್ದ. ಇಂಗ್ಲಿಷಿನಲ್ಲಿ ಏನೋ ಕೇಳಿದ. ವಿದ್ಯಾ ನನಗೆ, "ಈ ಬಟ್ಟಿ ಯಾರವು ಅಂತ ಕೇಳಾಕತ್ಯಾರ್ರಿ" ಎಂದಳು.

"ಸಿಕಂದರಂದು ಅಂತ ಹೇಳು."

ಅವಳು ಹೇಳಿದಳು. ಬೋಳುತಲೆ ಹೋಯಿತು. ಎರಡು ನಿಮಿಷಕ್ಕೆ ಮುಂಬಾಗಿಲ ಗಂಟೆ ಬಾರಿಸಿತು. ಬಂದವನ ಕೈಯಲ್ಲಿ ಒಂದು ಬಟ್ಟಲು ಇತ್ತು. ಹೆಸರು ಸ್ಟಾವ್ರೋಸ್. ನನ್ನ ಬಾಯಲ್ಲಿ ಅದು ಸ್ತವರಪ್ಪ ಆಯಿತು, ಅವನೂ ಒಪ್ಪಿಕೊಂಡ. ನನ್ನ ವಯಸ್ಸಿನವನೇ. ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು. ಅವನ ತಂದೆ ತಾಯಿ ಗ್ರೀಸಿನಿಂದ ಬಂದವರಂತೆ. ಅಂತೂ ಒಬ್ಬ ಯವನನನ್ನು ಕಣ್ಣಾರೆ ಕಂಡೆ. ಸಾಬರ ಹಾಗೂ ಇರಲಿಲ್ಲ, ಲಂಗವನ್ನೂ ಉಟ್ಟಿರಲಿಲ್ಲ. ಚೌಕಡಿ ಅಂಗಿ ಹಾಕಿದ್ದ.

ಬಟ್ಟಲಿನಲ್ಲಿದ್ದದ್ದು ಸೌತೆಕಾಯಿಯ ಮೊಸರುಬಜ್ಜಿ. ಬೆಳ್ಳುಳ್ಳಿ ಇತ್ತು, ಒಗ್ಗರಣೆ ಇರಲಿಲ್ಲ. ಗೆದ್ದು ಗೆದ್ದು ಹಿಂದೂಸ್ಥಾನದ ಬಾಗಿಲಿಗೆ ಬಂದವರು ಒಗ್ಗರಣೆ ಒಂದು ಕಲಿಯದೆ ಹೋದರಲ್ಲ ಎಂದೆ. ವಿದ್ಯಾ ಅದನ್ನು ಅವನಿಗೆ ಹೇಳಲಿಲ್ಲ.

ಅಷ್ಟರಲ್ಲಿ ಶ್ರೀವತ್ಸ ಬಂದ. ಅವನು ಲಂಗ, ಕವಚ ಎಲ್ಲ ತೊಟ್ಟು, ಹೇಗೆ ಕಾಣುತ್ತದೆ ನೋಡಿ ಎಂದು ಕಾರಿನಿಂದ ಇಳಿದವನು, ಸಾಕ್ಷಾತ್ ಗ್ರೀಕನೊಬ್ಬ ಸೋಫಾದಲ್ಲಿ ಕೂತಿರುವುದನ್ನು ಕಂಡು ಹಿಗ್ಗಿಹೋದ. "ಪರ್ಫೆಕ್ಟ್! ಅಜ್ಜಿ, ಈಗ ಇವರನ್ನೇ ಕೇಳೋಣ. ಅಲೆಕ್ಸಾಂಡರ್ ಡ್ರೆಸ್ ಇದೋ, ಬೇಲಿ ಮೇಲಿರೋದೋ?"

ಸ್ತವರಪ್ಪ ಅವನ ಸುತ್ತ ಒಂದು ಸುತ್ತು ಬಂದ. ಹೊರಗೆ ಹೋಗಿ ನನ್ನ ಶೇರವಾನಿ ಮುಟ್ಟಿ ಬಂದ. ಆಮೇಲೆ ಮಾಸ್ತರಿಕೆ ಶುರುಮಾಡಿದ, ವಿದ್ಯಾ ಕನ್ನಡ ಮಾಡುತ್ತ ಹೋದಳು.

ಅವನು ಹೇಳಿದ್ದು ಇದು. ಸಿಕಂದರ ಮನೆ ಬಿಟ್ಟಾಗ ಲಂಗದವನೇ. ಇರಾನದ ಬಾದಶಹನನ್ನು ಸೋಲಿಸಿದ. ಸೋಲಿಸಿದ ಮೇಲೆ ಸೋತವನ ಉಡುಪೇ ಅವನಿಗೆ ಚೆನ್ನಾಗಿ ಕಂಡಿತು. ಉದ್ದ ನಿಲುವಂಗಿ ತೊಟ್ಟ, ನಡುವಿಗೆ ಪಟ್ಟಿ ಕಟ್ಟಿದ, ತಲೆಗೆ ಬಟ್ಟೆ ಸುತ್ತಿದ. ಅದನ್ನು ನೋಡಿ ಅವನ ಸೈನಿಕರು ಮುಖ ಊದಿಸಿಕೊಂಡರು. ನಾವು ಯಾರನ್ನು ಗೆಲ್ಲಲು ಬಂದೆವೋ ನೀನು ಅವನೇ ಆದೆಯಲ್ಲ ಎಂದರು. ಅವನು ಕೇಳಲಿಲ್ಲ. ಅವನು ಹೋದ ಮೇಲೂ ಅವನ ಮಂದಿ ಕಾಬೂಲು, ಪಂಜಾಬಿನ ಕಡೆ ಉಳಿದು ರಾಜರಾದರು. ನಾಣ್ಯದ ಒಂದು ಮೋರೆಗೆ ಅವರ ಅಕ್ಷರ, ಇನ್ನೊಂದು ಮೋರೆಗೆ ನಮ್ಮ ಕಡೆಯ ಅಕ್ಷರ ಹಾಕಿಸಿದರು. ಅವರ ಶಿಲ್ಪಿಗಳ ಕೈ ಬಿದ್ದು ಬುದ್ಧನ ಮೂರ್ತಿಗೂ ಗ್ರೀಕರ ಮೂಗು, ಗ್ರೀಕರ ನೆರಿಗೆ ಬಂತು.

"ಅಂದ್ರ ಪುರುನ ಮುಂದ ಬಂದಾಗ ಅಂವ ಬಾದಶಹನ ಡ್ರೆಸ್ಸಿನ್ಯಾಗ ಇದ್ದ?" ಎಂದು ಕೇಳಿದೆ.

ಯುದ್ಧಕ್ಕೆ ಕವಚ ಹಾಕಿದ್ದಾನು, ದರಬಾರಿನಲ್ಲಿ ಆ ಡ್ರೆಸ್ಸೇ ಇರಬಹುದು ಎಂದ. ಗಡ್ಡ ಮಾತ್ರ ಇರಲಿಲ್ಲ, ದಿನಾ ಬೋಳಿಸುತ್ತಿದ್ದ. ಇನ್ನೊಂದು ಸಂಗತಿ, ಎಲ್ಲ ತೊಟ್ಟರೂ ಪೈಜಾಮ ತೊಡಲಿಲ್ಲ, ಅದು ಅತಿಯಾಯಿತು ಎಂದುಕೊಂಡನಂತೆ.

"ನಿಲುವಂಗಿಯ ಕೆಳಗ ಬಗ್ಗಿ ನೋಡಿದಾವ್ರು ಯಾರು?" ಎಂದೆ.

ಇದನ್ನು ವಿದ್ಯಾ ಹೇಳಿದಳು. ಸ್ತವರಪ್ಪ ತೊಡೆ ತಟ್ಟಿ ನಕ್ಕ.

ಶ್ರೀವತ್ಸ ಸೋಲು ಒಪ್ಪುವ ಮನುಷ್ಯನಲ್ಲ. ನಾಟಕದ ಪರದೆಗೆ ನಮ್ಮ ಹಿರಿಯರು ಯವನಿಕೆ ಎನ್ನುತ್ತಿದ್ದರು, ಅದಾದರೂ ನಿಮ್ಮಿಂದಲೇ ಬಂದದ್ದಲ್ಲವೇ ಎಂದು ಸ್ತವರಪ್ಪನನ್ನು ಕೇಳಿದ. ಆ ಯವನ ತಲೆ ಕೆರೆದುಕೊಂಡು, ನಮ್ಮ ಹಳೆಯ ನಾಟಕಕ್ಕೆ ಪರದೆಯೇ ಇರಲಿಲ್ಲವಲ್ಲ, ಬಯಲಿನಲ್ಲಿ ಆಡುತ್ತಿದ್ದರು ಎಂದ. ಶ್ರೀವತ್ಸನ ಮುಖ ನೋಡುವಂತಿತ್ತು.

ಅವನು ಬೇಲಿಯ ಮೇಲಿದ್ದ ಬಟ್ಟೆಗಳ ಕಡೆ ನೋಡಿದ. ಆಮೇಲೆ ಅವನ ಕಣ್ಣು ಹೊಳೆಯಿತು. ಆ ಹೊಳಪನ್ನು ನೋಡಿಯೇ ನನಗೆ ಕೆಟ್ಟದು ಕಾದಿದೆ ಎನ್ನಿಸಿತು.

"ಹಾಗಾದ್ರೆ ಶೇರವಾನಿನೇ ಅಥೆಂಟಿಕ್! ಅಜ್ಜಿ, ಯೂ ಆರ್ ರೈಟ್. ಇವತ್ತು ಸಂಜೆ ನಾನು ಇದನ್ನೇ ಹಾಕ್ಕೋತೀನಿ."

ಲಂಗ ಬಿಟ್ಟು ಅವನು ನನ್ನ ಬಟ್ಟೆಗೆ ಬಂದಿದ್ದ. ಮಾತಿನಲ್ಲಿ ಗೆದ್ದವಳು ನಾನು, ಡ್ರೆಸ್ಸು ಹೋದದ್ದೂ ನನ್ನದೇ. ಕೊಡುವುದಿಲ್ಲ ಎನ್ನಬಹುದಿತ್ತು. ಆದರೆ ಆಟದ ದಿನ ಕೇಳಿದ ಸಾಮಾನು ಇಲ್ಲ ಎನ್ನಬಾರದು, ಆಟ ನಿಲ್ಲಬಾರದು. ಇದು ಕಂಪನಿಯಲ್ಲಿ ನನಗೆ ಅನ್ನದ ಜೊತೆ ಕಲಿಸಿದ ಪಾಠ. ಕೊಟ್ಟೆ.

ಹ್ಯೂಸ್ಟನ್

ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತೆ. ನನ್ನ ಬಟ್ಟೆಗಳು ನನ್ನನ್ನು ಬಿಟ್ಟು ರಂಗದ ಮೇಲೆ ನಡೆದಾಡಿದವು.

ರುಮಾಲನ್ನು ಅವನು ಮೈಸೂರಿನ ಮದುವೆಗೆ ಹೊರಟವನ ಹಾಗೆ ಕಟ್ಟಿದ್ದ. ಕತ್ತಿಯನ್ನು ಛತ್ರಿಯ ಹಾಗೆ ಹಿಡಿದಿದ್ದ. ಮಾತೊಂದೂ ತಪ್ಪಲಿಲ್ಲ. ಸಿಕಂದರ ನಗುವ ಕಡೆ ಮಾತ್ರ, ಸಾಹೇಬರು ಜೋಕು ಹೇಳಿದಾಗ ಆಫೀಸಿನವರು ನಗುತ್ತಾರಲ್ಲ, ಹಾಗೆ ನಕ್ಕ. ಆದರೂ ಹ್ಯೂಸ್ಟನ್ನಿನ ಮಂದಿ ಚೆನ್ನಾಗಿ ಚಪ್ಪಾಳೆ ಹೊಡೆದರು. ಸುಳ್ಳು ಹೇಳುವುದಿಲ್ಲ, ನನ್ನ ಹೊಟ್ಟೆ ಉರಿದದ್ದು ಅದಕ್ಕೇ. ಅವನು ಕೆಟ್ಟದಾಗಿ ಮಾಡಿದ್ದರೆ ಸಮಾಧಾನ ಆಗುತ್ತಿತ್ತು.

ನನ್ನ ಪಕ್ಕ ಸ್ತವರಪ್ಪ ಕೂತಿದ್ದ. ಅರ್ಧ ನಾಟಕದಲ್ಲಿ ವಿದ್ಯಾಳ ಕಡೆ ಬಾಗಿ ಏನೋ ಕೇಳಿದ.

"ಏನಂತ?" ಎಂದೆ.

"ನೀವ್ಯಾಕ ಕೆಳಗ ಕುಂತೀರಿ ಅಂತ ಕೇಳಾಕತ್ಯಾರ."

"ಆಶೀರ್ವಾದ ಮಾಡಾಕ ಅಂತ ಹೇಳು."

ಅವಳು ಹೇಳಿದಳು. ಅವನಿಗೆ ಅರ್ಥವಾಗಲಿಲ್ಲ. ನನಗೂ ಆಗಿರಲಿಲ್ಲ.

ಲಿಯಾಂಡರ್

ಆಸ್ಟಿನ್ನಿನ ಉತ್ತರಕ್ಕೆ ಲಿಯಾಂಡರ್. ಇದೂ ಗ್ರೀಕರ ಹೆಸರಂತೆ, ಕೇಳುವುದನ್ನೇ ಬಿಟ್ಟಿದ್ದೆ. ಒಂದು ಕಾಲನಿಯ ಕ್ಲಬ್ಬು ಮನೆಯಲ್ಲಿ ಕೊನೆಯ ತಾಲೀಮು. ಗಾಜಿನ ಗೋಡೆಯ ಆಚೆ ಈಜುಕೊಳ, ಅದರಲ್ಲಿ ಬಿಳಿಯ ಹೆಂಗಸರು ಟೋಪಿ ಹಾಕಿಕೊಂಡು ನೀರಿನಲ್ಲೇ ಕವಾಯತು ಮಾಡುತ್ತಿದ್ದರು.

ಶ್ರೀವತ್ಸ ನನ್ನ ಬಳಿ ಬಂದ. ಶೇರವಾನಿಯಲ್ಲೇ ಇದ್ದ.

"ಅಜ್ಜಿ, ಒಂದು ಹೆಲ್ಪ್. ನಗು ಸರಿಯಾಗಿ ಬರ್ತಿಲ್ಲ. ಸ್ವಲ್ಪ ತೋರಿಸಿಕೊಡ್ತೀರಾ?"

"ಶಾಲು ಹೊತ್ಕೊಂಡು ನಗಾಕ ಬರಂಗಿಲ್ಲ" ಎಂದು ಅದನ್ನು ತೆಗೆದು ಕುರ್ಚಿಗೆ ಹಾಕಿದೆ.

ಸಿಕಂದರನ ನಗು ಗಂಟಲಿನದಲ್ಲ. ಹೊಕ್ಕುಳಿನ ಕೆಳಗೆ ಹಿಡಿದು, ಎದೆಯಲ್ಲಿ ಒಂದು ಸುತ್ತು ತಿರುವಿ, ತಲೆ ಹಿಂದೆ ಹಾಕಿ ಬಿಡಬೇಕು. ಮೂರು ಸಲ ಏರಬೇಕು, ನಾಲ್ಕನೆಯದರಲ್ಲಿ ತಟ್ಟನೆ ನಿಲ್ಲಬೇಕು. ನಿಂತ ಕಡೆಯೇ ಅಂಜಿಕೆ ಇರುವುದು. ನಕ್ಕೆ. ಈಜುಕೊಳದ ಹೆಂಗಸರು ಕವಾಯತು ನಿಲ್ಲಿಸಿ ಈ ಕಡೆ ತಿರುಗಿದರು. ಕ್ಲಬ್ಬಿನ ಮೇಲ್ವಿಚಾರಕಿ ಓಡಿಬಂದು ಯಾರಿಗೇನಾಯಿತು ಎಂದು ಕೇಳಿದಳು. ವಿದ್ಯಾ ಅವಳನ್ನು ಸಮಾಧಾನ ಮಾಡಿ ಕಳಿಸಿದಳು.

ಸಿಕಂದರನ ಸೈನಿಕರು ನಾಲ್ಕು ಜನ, ನಾಲ್ವರೂ ಕಂಪ್ಯೂಟರಿನವರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ತಾಲೀಮು ಮುಂದುವರಿಯಿತು. ಅದು ಹೊಳೆಯ ದೃಶ್ಯ. ನೆಲಕ್ಕೆ ನೀಲಿ ಹಾಸಿಗೆ ಚಾದರ ಹಾಸಿದ್ದರು, ಅದೇ ಹೊಳೆ. ಸಿಕಂದರ ದಾಟಿ ಎನ್ನುತ್ತಾನೆ, ದಣಿದ ಸೈನಿಕರು ಒಲ್ಲೆವು ಎಂದು ಕೂರುತ್ತಾರೆ. ಆಮೇಲೆ ಬೈಸಿಕೊಂಡು ಏಳುತ್ತಾರೆ. ಪುಸ್ತಕದಲ್ಲಿ ಇರುವುದು ಹಾಗೆ.

"ಸೈನಿಕರೇ, ಏಳಿ! ಹೊಳೆಯಾಚೆ ಮಗಧವು ನಮ್ಮ ಹಾದಿ ಕಾಯುತ್ತಿದೆ!" ಎಂದ ಶ್ರೀವತ್ಸ.

"ಇಲ್ಲ ಚಕ್ರವರ್ತಿ, ನಾವು ಬರಲ್ಲ" ಎಂದ ಒಬ್ಬ.

"ಹೇಡಿಗಳಿರಾ! ಏಳಿ!"

"ಏಳಲ್ಲ."

"ಸೂಪರ್! ಈ ಟೋನ್ ಹಂಗೇ ಇಟ್ಕೋ. ನೆಕ್ಸ್ಟ್ ಲೈನ್."

"ಟೋನ್ ಅಲ್ಲ ಗುರು. ನಿಜವಾಗ್ಲೂ ಏಳಲ್ಲ. ಅಜ್ಜಿ ಕರೆದ್ರೆ ಏಳ್ತೀವಿ."

ಶ್ರೀವತ್ಸ ಕೈಯಲ್ಲಿದ್ದ ಹಾಳೆ ತಿರುವಿದ. "ಇದು ಎಲ್ಲಿದೆ? ಈ ಡೈಲಾಗ್ ಎಲ್ಲಿದೆ?"

"ಎಲ್ಲೂ ಇಲ್ಲ. ನಾವೇ ಹೇಳ್ತಿರೋದು."

ಆಗ ಹೊಳೆಯ ಆಚೆ ದಡದಲ್ಲಿ ನಿಂತಿದ್ದ ಪುರು ರಾಜ, ವೈರಿ ಸೈನಿಕರ ಪಕ್ಕ ಬಂದು, ಕಾಲು ಮಡಿಸಿ ಕೂತ. "ನಾನೂ ಬರಂಗಿಲ್ರಿ ಸರ್. ಆಯಿ ನಕ್ಕಿದ್ದು ಕೇಳಿ ನನ್ನ ರೋಮ ನೆಟ್ಟಗಾದ್ವು. ನೀವು ನಕ್ಕರ ನನಗ ಮೀಟಿಂಗ್ ನೆನಪಾಗತೈತಿ."

ಶ್ರೀವತ್ಸ ಹೊರಗೆ ಹೋಗಿ ಕಾರಿನಲ್ಲಿ ಕೂತ. ಬಿಸಿಲಿತ್ತು, ಎಸಿ ಹಾಕಿಕೊಂಡ. ಗಾಜಿನ ಒಳಗೆ ನನ್ನ ರುಮಾಲು ಕಾಣುತ್ತಿತ್ತು. ನಿಜವಾದ ಸಿಕಂದರನೂ ಹೀಗೇ ಸೈನಿಕರ ಮೇಲೆ ಸಿಟ್ಟಾಗಿ ಮೂರು ದಿನ ಡೇರೆಯಿಂದ ಹೊರಗೆ ಬರಲಿಲ್ಲ ಎಂದು ಇಮ್ತಿಯಾಜ್ ಹೇಳಿದ. ನಮ್ಮವನು ಮುಕ್ಕಾಲು ಗಂಟೆಗೆ ಬಂದ. ಶೇರವಾನಿಯನ್ನು ನೀಟಾಗಿ ಮಡಚಿ ಕೈಯಲ್ಲಿ ಹಿಡಿದಿದ್ದ.

"ಅಜ್ಜಿ, ತಗೊಳ್ಳಿ. ಡಲ್ಲಾಸಿನಲ್ಲಿ ನಾನು ಅವಸರ ಮಾಡಿದೆ."

"ಅವಸರ ಅಲ್ಲ, ಆಸೆ ಮಾಡಿದಿ. ನನಗೂ ಐತಿ ಅದು" ಎಂದೆ. "ನೀ ಏನು ಮಾಡ್ತಿ?"

"ಪರದೆ ಎಳೀತೀನಿ."

ಅವನ ಕಣ್ಣು ಒದ್ದೆಯಾದದ್ದು ಬೇಸರಕ್ಕೋ, ಎಸಿ ಗಾಳಿಗೋ, ನೋಡಲು ಹೋಗಲಿಲ್ಲ. ಬಗಲಿನ ಹೊಲಿಗೆ ಅವನ ತೋಳಿಗೆ ಬಿಚ್ಚಿತ್ತು. ಸೂಜಿ ದಾರ ತನ್ನಿ ಎಂದೆ. ಹಲ್ಲಿನ ಡಾಕ್ಟರಿದ್ದಳಲ್ಲ, ಅವಳೇ ಹೊಲಿದು ಕೊಟ್ಟಳು.

ಆಸ್ಟಿನ್

ಈ ಊರಿನಲ್ಲಿ ಏನು ನೋಡಿದೆ ಎಂದು ಕೇಳಿದರೆ ಒಂದು ರಂಗ, ಎರಡು ದೀಪ, ಕತ್ತಲಲ್ಲಿ ಕೂತ ಮಂದಿ ಎನ್ನಬೇಕು. ಅದಕ್ಕಿಂತ ಹೆಚ್ಚು ನನಗೆ ಬೇಕಿರಲಿಲ್ಲ.

ರುಮಾಲು ಕಟ್ಟಿದೆ. ಗಡ್ಡ ಸಿಕ್ಕಿಸಿದೆ. ಗಡ್ಡ ಇರಲಿಲ್ಲ ಎಂದು ಸ್ತವರಪ್ಪ ಹೇಳಿದ್ದು ನೆನಪಿತ್ತು, ಆದರೆ ಗಡ್ಡ ಇಲ್ಲದಿದ್ದರೆ ಮಲ್ಲವ್ವ ಕಾಣುತ್ತಾಳೆ. ಒಳಗೆ ಹೋಗಿ ಮೊದಲ ನಗು ನಕ್ಕಾಗ ಮೂರನೇ ಸಾಲಿನ ಕೂಸು ಕಿಟಾರನೆ ಅತ್ತಿತು. ಅಲ್ಲಿಗೆ ಅರ್ಧ ಕೆಲಸ ಆಯಿತು. ನನ್ನ ಉರ್ದುವಿಗೆ ಮಂದಿ ನಕ್ಕರು, ಇಮ್ತಿಯಾಜನೂ ನಕ್ಕ, "ಚಕ್ರವರ್ತಿ, ನಿಮ್ಮ ಉರ್ದು ನಿಮ್ಮ ಕತ್ತಿಗಿಂತ ಭಯಂಕರ" ಎಂದು ಪುಸ್ತಕದಲ್ಲಿಲ್ಲದ ಮಾತೂ ಸೇರಿಸಿದ. ಬಿಟ್ಟುಕೊಟ್ಟೆ. ಕುದುರೆ ಸತ್ತ ಮಾತಿಗೆ ಬಂದಾಗ ಯಾರೂ ನಗಲಿಲ್ಲ. ಎಷ್ಟು ಸದ್ದಿಲ್ಲದೆ ಕೂತರೆಂದರೆ, ಎಸಿ ಉಸಿರಾಡುವುದು ಕೇಳಿಸಿತು. ಕೊನೆಗೆ ಸಂಕೋಲೆಯಲ್ಲಿ ನಿಂತ ಪುರು, ರಾಜನನ್ನು ರಾಜ ನಡೆಸಿಕೊಳ್ಳುವ ಹಾಗೆ ನಡೆಸಿಕೋ ಎಂದ. ನಾನು ಸಂಕೋಲೆ ಬಿಚ್ಚಿದೆ. ಮುಗಿಯಿತು.

ಶ್ರೀವತ್ಸ ಪರದೆ ಎಳೆದ. ಅದು ಎರಡು ಕಡೆಯಿಂದಲೂ ಬಂದು ನಡುವೆ ಒಂದು ಮೊಳ ಸಂದು ಬಿಟ್ಟು ನಿಂತುಕೊಂಡಿತು. ಅವನು ಹಗ್ಗ ಜಗ್ಗುತ್ತಲೇ ಇದ್ದ, ಮಂದಿ ಸಂದಿಯಿಂದ ನಮ್ಮನ್ನು ನೋಡುತ್ತಲೇ ಇದ್ದರು. ಆ ಸಂದಿಯಿಂದ ಸ್ತವರಪ್ಪ ಒಳಗೆ ಬಂದ. ಅಷ್ಟು ದೂರದಿಂದ ಒಬ್ಬನೇ ಕಾರು ನಡೆಸಿಕೊಂಡು ಬಂದಿದ್ದನಂತೆ. ನನ್ನ ಮುಂದೆ ನಿಂತು ಏನೋ ಹೇಳಿದ. ವಿದ್ಯಾ ಪಕ್ಕದ ಪರದೆಯ ಮರೆಯಿಂದ ಓಡಿಬಂದು ಕನ್ನಡ ಮಾಡಿದಳು.

"ಸಿಕಂದರ ಈ ಡ್ರೆಸ್ಸು ತೊಟ್ಟ ಮ್ಯಾಲ, ಇರಾನದವರಂಗ ನನಗ ಬಗ್ಗಿ ನಮಸ್ಕಾರ ಮಾಡ್ರಿ ಅಂತ ತನ್ನ ಮಂದಿಗೆ ಹೇಳಿದ್ನಂತರಿ. ಅವರು ಒಪ್ಪಲಿಲ್ಲಂತ. ಮನುಷ್ಯಾಗ ಬಗ್ಗಂಗಿಲ್ಲ ಅಂದ್ರಂತ. ಅವರ ಪರವಾಗಿ ನಾ ಇವತ್ತ ಮಾಡ್ತೀನಿ ಅನ್ನಾಕತ್ಯಾರ."

ನಾನು ಬೇಡ ಎನ್ನುವಷ್ಟರಲ್ಲಿ ಅವನು ಒಂದು ಮಂಡಿ ಊರಿದ, ಇನ್ನೊಂದು ಮಂಡಿ ಊರಿದ, ಬೋಳುತಲೆಯನ್ನು ನನ್ನ ಪೈಜಾಮದ ಅಂಚಿಗೆ ತಂದ. ಸಂದಿಯ ಆಚೆ ಮಂದಿ ಕತ್ತು ಉದ್ದ ಮಾಡಿದರು.

"ಏಳು ಅನ್ರಿ ಆಯಿ" ಎಂದು ಪುರು ಹಿಂದಿನಿಂದ ಪಿಸುಗುಟ್ಟಿದ. "ಪಾಪ, ವಯಸ್ಸಾದಾವ್ರು."

ಅಂದೆ. ಆದರೆ ಮಂದಿ ಇನ್ನೂ ನೋಡುತ್ತಿದ್ದರು, ಅದಕ್ಕೇ ತಕ್ಷಣ ಅನ್ನಲಿಲ್ಲ.